ಬೂಷ್ಟು ಹಿಡಿದ ಗೋಡೆಗೆ ಯಾವ ಪೇಂಟ್? ಮತ್ತದೇ ಪ್ರಶ್ನೆ!

ದಾವಣಗೆರೆಯಲ್ಲಿ ಕೂತು ಕುಂದಾಪುರದ ಗೋಡೆಗೆ ಮದ್ದು ಹೇಳುವುದು ನನ್ನ ಹಣೆಬರಹ. ಹೋಟೆಲ್, ಬ್ಯಾಂಕ್, ಕಾಲೇಜು ಅಂತ ಕರಾವಳಿಯಿಂದ ಬಂದು ಇಲ್ಲೇ ನೆಲೆಸಿದವರು ಬಹಳ ಜನ. ಇಲ್ಲಿ ಸಂಸಾರ, ಊರಲ್ಲಿ ಅಜ್ಜನ ಮನೆಗೆ ಬೀಗ. ರಜೆಗೆ ಹೋಗಿ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಹೊಡೆಯುತ್ತದೆ. ವಾಪಸ್ ಬಂದ ವಾರದಲ್ಲೇ ನನಗೊಂದು ಪತ್ರ. ಹಳೆ ಮನೆಗಳ ತೇವ, ಬೂಷ್ಟು ಬಿಡಿಸುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಆಯಿತು. ಪತ್ರ ಮಾತ್ರ ಬದಲಾಗಿಲ್ಲ. ಒಡೆದ ಹಂಚು ಬದಲಿಸಿ, ಸೋರುವ ಪೈಪ್ ಸರಿ ಮಾಡಿಸಿ ಅಂತೆಲ್ಲ ನಾನು ಬರೆಯುವುದಿಲ್ಲ. ಅಷ್ಟು ನಿಮಗೇ ಗೊತ್ತಿರುತ್ತದೆ, ಅಲ್ವಾ?

ಕುಂದಾಪುರದ ಹತ್ತಿರ ನಮ್ಮ ಮನೆಗೆ ಎಂಬತ್ತು ವರ್ಷ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು. ಹತ್ತು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ದುಬಾರಿ ಪೇಂಟ್ ಹೊಡೆಸಿದೆವು. ಹಂಚಿನ ಕೆಳಗೆ ಸೀಲಿಂಗ್ ಹಾಕಿಸಿದೆವು. ಈಗ ಪ್ರತಿ ವರ್ಷ ಬೂಷ್ಟು. ಎರಡು ಸಲ ತೊಳೆಸಿ ಮತ್ತೆ ಪೇಂಟ್ ಮಾಡಿಸಿದ್ದಾಯಿತು. ಯಾವ ಪೇಂಟ್ ಹೊಡೆದರೆ ನಿಲ್ಲುತ್ತದೆ? (ದಾವಣಗೆರೆ)

ಯಾವುದೂ ನಿಲ್ಲುವುದಿಲ್ಲ. ಸಾವಿರ ರೂಪಾಯಿಯ ಡಬ್ಬವೂ ಅಷ್ಟೇ, ಐದು ಸಾವಿರದ್ದೂ ಅಷ್ಟೇ.

ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ಎಪ್ಪತ್ತು ವರ್ಷ ಕಾಟ ಕೊಡದ ಬೂಷ್ಟು ಕೊನೆಯ ಹತ್ತು ವರ್ಷದಲ್ಲಿ ಬಂತು. ಮಳೆ ಅದೇ, ಗೋಡೆ ಅದೇ. ಬದಲಾಗಿದ್ದು ನೀವು ದುಡ್ಡು ಕೊಟ್ಟು ಮಾಡಿಸಿದ ಕೆಲಸ.

ಮೊದಲು ಅಲ್ಲಿಯ ಗಾಳಿಯ ಮಾತು. ಇಲ್ಲಿಂದ ಒಂದು ಚೀಲ ಮಂಡಕ್ಕಿ ತಗೊಂಡು ಜುಲೈಯಲ್ಲಿ ಊರಿಗೆ ಹೋಗಿ. ತಟ್ಟೆಗೆ ಸುರಿದು ಮಾತಿಗೆ ಕೂತರೆ, ಮಾತು ಮುಗಿಯುವ ಮೊದಲೇ ಮಂಡಕ್ಕಿ ಮೆತ್ತಗಾಗಿರುತ್ತದೆ. ನಮ್ಮಲ್ಲಿ ಅದು ಸಂಜೆವರೆಗೂ ಗರಿಗರಿ. ದಾವಣಗೆರೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಉಡುಪಿ ಕಡೆ 4,000ದ ಮೇಲೆ. ಮಳೆಗಾಲದಲ್ಲಿ ಅಲ್ಲಿಯ ಗಾಳಿಯ ತೇವಾಂಶ ವಾರಗಟ್ಟಲೆ ಶೇ 85, 90ರಲ್ಲೇ ನಿಂತಿರುತ್ತದೆ. ಗೋಡೆಯ ಮೈ ಹತ್ತಿರ ಶೇ 75, 80 ಇದ್ದರೂ ಬೂಷ್ಟಿಗೆ ಹಬ್ಬ. ಹಂಚು ಒಂದು ಹನಿ ಸೋರದಿದ್ದರೂ ಅದು ಬೆಳೆಯುತ್ತದೆ.

ಹಳಬರು ಇದಕ್ಕೆ ಏನು ಮಾಡುತ್ತಿದ್ದರು? ಅಡುಗೆ ಮನೆಯಲ್ಲಿ ಒಲೆ, ಬಚ್ಚಲಲ್ಲಿ ಹಂಡೆ ಒಲೆ. ಎರಡೂ ದಿನಾ ಉರಿಯುತ್ತಿದ್ದವು. ಬಿಸಿ, ಹೊಗೆ ಎರಡೂ ಅಟ್ಟ ಹತ್ತಿ, ತೊಲೆಗಳನ್ನು ಒಣಗಿಸಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿದ್ದವು. ಗಾಳಿ ಮಳೆ ಹೊಡೆಯುವ ಪಡುವಣ ಗೋಡೆಗೆ ಮಳೆಗಾಲಕ್ಕೆ ಮೊದಲೇ ಮಡಲಿನ, ಅಂದರೆ ತೆಂಗಿನ ಗರಿಯ, ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ. ಹೊಸ ಸುಣ್ಣದ ಕ್ಷಾರ ಎಷ್ಟು ಖಾರ ಅಂದರೆ ಬೂಷ್ಟು ಅದರ ಮೇಲೆ ಕೂರಲಾರದು. ತಿಂಗಳು ಕಳೆದಂತೆ ಆ ಖಾರ ಇಳಿಯುತ್ತದೆ. ಪ್ರತಿ ವರ್ಷ ಬಳಿಯುತ್ತಿದ್ದುದು ಬರೀ ಹಬ್ಬದ ಅಂದಕ್ಕಾಗಿ ಅಂದುಕೊಂಡಿದ್ದೀರಾ? ಸುಣ್ಣ ಬಳಿದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ.

ಈಗ ನಿಮ್ಮ ಮನೆ ನೋಡಿ. ಸಿಮೆಂಟ್ ಪ್ಲಾಸ್ಟರ್ ಕೆಂಪುಕಲ್ಲಿಗೆ ರೇನ್‌ಕೋಟ್ ತೊಡಿಸಿದ ಹಾಗೆ. ಸಣ್ಣ ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಅದರ ಮೇಲೆ ಪ್ಲಾಸ್ಟಿಕ್ ಪೊರೆಯಂಥ ಪೇಂಟ್. ಆ ಪೇಂಟಿನ ಅಂಟು, ಅದರ ಮೇಲೆ ಕೂತ ಧೂಳು, ಎರಡೂ ಬೂಷ್ಟಿಗೆ ಊಟ. ಸೀಲಿಂಗ್ ಹಾಕಿ ಗಾಳಿ ಮೇಲೆ ಹೋಗುವ ದಾರಿ ಮುಚ್ಚಿದಿರಿ. ಒಲೆ ಆರಿತು. ಮನೆಗೆ ಬೀಗ ಬಿತ್ತು. ಇಷ್ಟೆಲ್ಲ ಆದ ಮೇಲೆ ಯಾವ ಪೇಂಟ್ ಅಂತ ಕೇಳಿದರೆ ನಾನೇನು ಹೇಳಲಿ?

ಸಮುದ್ರ ಹತ್ತಿರವಿದ್ದರೆ ಇನ್ನೊಂದು ರಗಳೆ ಉಂಟು. ಕಡಲ ಗಾಳಿಯ ಉಪ್ಪು ಗೋಡೆಯೊಳಗೆ ಸೇರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಉಪ್ಪು ತಿಂದ ಗೋಡೆಯೂ ಹಾಗೇ ಬೆವರುತ್ತದೆ. ಪ್ಲಂಬರ್ ಬಂದು ಪೈಪ್ ಹುಡುಕಲು ನೆಲ ಒಡೆಯುತ್ತಾನೆ. ಪೈಪ್ ಸರಿಯಾಗಿಯೇ ಇರುತ್ತದೆ.

ಏನೂ ಒಡೆಸುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಗೋಡೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಾಕಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯಿಂದ. ಎರಡಕ್ಕೂ ಮದ್ದು ಬೇರೆ ಬೇರೆ. ಕೆಲವರು ತೇವ ಅಳೆಯುವ ಮೀಟರ್ ಚುಚ್ಚಿ ದೊಡ್ಡ ಅಂಕಿ ತೋರಿಸಿ ಹೆದರಿಸುತ್ತಾರೆ. ಆ ಮೀಟರ್‌ನ ಅಂಕಿ ಸಾಮಾನ್ಯವಾಗಿ ಮರದ ಲೆಕ್ಕಕ್ಕೆ ಮಾಡಿದ್ದು. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದರೂ ಜಾಸ್ತಿ ತೋರಿಸುತ್ತದೆ.

ಇನ್ನು ಬೂಷ್ಟು ತೆಗೆಯುವುದು. ಮೂರಡಿ ಉದ್ದ, ಮೂರಡಿ ಅಗಲದಷ್ಟಿದ್ದರೆ ನೀವೇ ಮಾಡಿಕೊಳ್ಳಬಹುದು. ಎನ್-95 ಮಾಸ್ಕ್, ಕೈಗವಸು, ಕನ್ನಡಕ ಬೇಕೇ ಬೇಕು. ಮುಖಕ್ಕೆ ಕಟ್ಟುವ ಟವೆಲ್ ಮಾಸ್ಕ್ ಆಗುವುದಿಲ್ಲ. ಉಳಿದ ಕೋಣೆಗಳ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಫ್ಯಾನ್ ಹಾಕಬೇಡಿ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಒಂದು ಗೋಡೆಯ ಬೂಷ್ಟು ಮನೆಯಿಡೀ ಹಾರುತ್ತದೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಉಜ್ಜಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ ಬಿಸಾಕಿ. ಅದಕ್ಕಿಂತ ದೊಡ್ಡದಾಗಿದ್ದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇಟ್ಟುಕೊಂಡವರನ್ನು ಕರೆಯಿರಿ. ಮನೆಯಲ್ಲಿ ಆಸ್ತಮಾ ಇರುವವರು ಆ ದಿನ ಅಲ್ಲಿ ಇರಲೇಬಾರದು.

ನೆನೆದ ಸೀಲಿಂಗ್ ಹಲಗೆ, ಉಬ್ಬಿದ ಪ್ಲೈವುಡ್, ಬೂಷ್ಟು ಹಿಡಿದ ಹತ್ತಿ ಹಾಸಿಗೆ ಬಿಸಾಕಲೇಬೇಕು. "ಅಜ್ಜಿ ದಾವಣಗೆರೆ ಹತ್ತಿಯಲ್ಲಿ ಮಾಡಿಸಿದ ಹಾಸಿಗೆ ಸಾರ್" ಅಂತ ಒಬ್ಬರು ಅದನ್ನು ತಬ್ಬಿಕೊಂಡೇ ನಿಂತಿದ್ದರು. ಬಿಸಿಲಿಗೆ ಹಾಕಿದರೆ ವಾಸನೆ ಹೋಗಬಹುದು, ಒಳಗಿನ ಬೂಷ್ಟು ಹೋಗುವುದಿಲ್ಲ. ಗಟ್ಟಿ ಮರದ ತೊಲೆ, ಬಾಗಿಲು ಉಳಿಸಬಹುದು. ಉಜ್ಜಿ, ಚೆನ್ನಾಗಿ ಒಣಗಿಸಿ, ಬಿಸಿನೀರಲ್ಲಿ ಕರಗಿಸಿದ ಬಿಳಿಗಾರ (ಬೋರಾಕ್ಸ್) ಬಳಿಯಿರಿ. ಮಕ್ಕಳ ಕೈಗೆ ಅದು ಸಿಗದಿರಲಿ.

ಆಮೇಲೆ ಗೋಡೆ. ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ. ಗೋಡೆ ಒಣಗಲು ಬಿಡಿ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಅಂತ ನಮ್ಮ ಕಸುಬಿನಲ್ಲಿ ಲೆಕ್ಕ. ಅಂದರೆ ಕಡಿಮೆ ಅಂದರೂ ಒಂದು ಬೇಸಿಗೆಯಿಡೀ ಗೋಡೆ ಬೋಳಾಗಿ ನಿಂತಿರಬೇಕು. ನೆಂಟರು ನಗುತ್ತಾರೆ, ನಗಲಿ. ಒಣಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ತೆಳ್ಳಗೆ ಮೂರು ನಾಲ್ಕು ಸಲ ಸುಣ್ಣ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಮಾಡುವ ಕೆಲಸಗಾರರು ಕಡಿಮೆಯಾಗಿದ್ದಾರೆ, ಹುಡುಕಿದರೆ ಸಿಗುತ್ತಾರೆ. ನಡುವೆ ಒಬ್ಬ ಮೇಸ್ತ್ರಿ ಬಂದು "ಸ್ವಲ್ಪ ಸಿಮೆಂಟ್ ಸೇರಿಸೋಣ ಸಾರ್, ಬೇಗ ಗಟ್ಟಿಯಾಗುತ್ತೆ" ಅನ್ನುತ್ತಾನೆ. ಅವನಿಗೆ ಟೀ ಕುಡಿಸಿ ಮನೆಗೆ ಕಳಿಸಿ.

ಸೀಲಿಂಗ್ ತೆಗೆಸಿ. ಬೇಕೇ ಬೇಕು ಅಂದರೆ ಸುತ್ತ ಗಾಳಿ ಆಡಲು ಸಂದಿ ಬಿಡಿಸಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ.

ಕಿಟಕಿ ವಿಷಯದಲ್ಲಿ ನಮ್ಮ ದಾವಣಗೆರೆಯ ಬುದ್ಧಿ ಅಲ್ಲಿ ನಡೆಯುವುದಿಲ್ಲ. ಇಲ್ಲಿ ಕಿಟಕಿ ತೆಗೆದರೆ ಮನೆ ಒಣಗುತ್ತದೆ. ಅಲ್ಲಿ ಜುಲೈಯ ಮಳೆ ರಾತ್ರಿ ತೆಗೆದರೆ ಹೊರಗಿನ ತೇವವನ್ನು ನೀವೇ ಮನೆಗೆ ಕರೆದಂತೆ. ಮಳೆ ಬಿಟ್ಟು ಮಧ್ಯಾಹ್ನ ಬಿಸಿಲು ಕಂಡಾಗ ಪೂರ್ತಿ ತೆಗೆಯಿರಿ, ಸಂಜೆ ಮುಚ್ಚಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ತಗೊಳ್ಳಿ. ಒಳಗೆ ಶೇ 60ರ ಕೆಳಗಿದ್ದರೆ ನೆಮ್ಮದಿ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಒಳ್ಳೆಯ ಯಂತ್ರವೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಂಚಿನ ಮಾಡು ತೆರೆದೇ ಇರುವ ಮನೆಯಲ್ಲಿ ಅದು ಅರಬ್ಬೀ ಸಮುದ್ರವನ್ನು ಚಮಚದಲ್ಲಿ ಖಾಲಿ ಮಾಡಿದಂತೆ. ಸಿಡಿಲಿನ ಊರಲ್ಲಿ, ಬೀಗ ಹಾಕಿದ ಮನೆಯಲ್ಲಿ ಅದನ್ನು ಚಾಲೂ ಬಿಟ್ಟು ಬರಲು ನಾನಂತೂ ಹೇಳುವುದಿಲ್ಲ. ನನಗೆ ಭಯ.

ನನ್ನ ಸಲಹೆ ಬೇರೆ. ಪಕ್ಕದ ಮನೆಯವರಿಗೆ ಕೀ ಕೊಡಿ, ತಿಂಗಳಿಗೆ ಇಷ್ಟು ಅಂತ ಕೊಡಿ. ವಾರಕ್ಕೆ ಎರಡು ಸಲ ಬಾಗಿಲು ತೆಗೆದು, ಬಚ್ಚಲೊಲೆ ಉರಿಸಲಿ. ಮತ್ತೆ ಮತ್ತೆ ಪೇಂಟಿಗೆ ಸುರಿಯುವ ದುಡ್ಡು ನೆನೆಸಿಕೊಂಡರೆ ಇದು ಏನೂ ಅಲ್ಲ. ಆದರೆ ಇದನ್ನು ಓದಿ ಯಾರೂ ಮುಚ್ಚಿದ ಮಲಗುವ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಸಾಲದೇ? (ಹರಿಹರ)

ಟೈಲ್ಸ್ ಮೇಲೆ ಸಾಕು. ಕಲ್ಲು, ಗಾರೆ, ಮರದ ಮೇಲೆ ಕಪ್ಪು ಬಣ್ಣ ಬಿಳಿಯಾಗುತ್ತದೆ, ಜೊತೆಗೆ ಹಾಕಿದ ನೀರು ಒಳಗೆ ಇಳಿಯುತ್ತದೆ. ತಿಂಗಳಲ್ಲಿ ಬೂಷ್ಟು ವಾಪಸ್. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಎಂದೂ ಸೇರಿಸಬೇಡಿ. ಕೆಲಸ ಕಲಿಯುವ ಕಾಲದಲ್ಲಿ ಒಂದು ಬಚ್ಚಲಲ್ಲಿ ನಾನೇ ಒಂದರ ಮೇಲೊಂದು ಸುರಿದಿದ್ದೆ. ಎದ್ದ ಕ್ಲೋರಿನ್ ಗಾಳಿಗೆ ಹೊರಗೆ ಓಡಿ ಬಂದು ಬಿದ್ದೆ. ಎರಡು ದಿನ ಕೆಮ್ಮು ನಿಲ್ಲಲಿಲ್ಲ.

ವಿನೆಗರ್? (ದಾವಣಗೆರೆ)

ಸುಣ್ಣದ ಗೋಡೆಗೆ ಹುಳಿ ಹಾಕಿದರೆ ಸುಣ್ಣವೇ ಕರಗುತ್ತದೆ. ಉಪ್ಪಿನಕಾಯಿಗೆ ಇಟ್ಟುಕೊಳ್ಳಿ.

ಗೋಡೆಯ ಕಪ್ಪು ಬೂಷ್ಟೇ ಕೊರೊನಾ ಕಾಲದ ಬ್ಲ್ಯಾಕ್ ಫಂಗಸ್ಸಾ? (ಜಗಳೂರು)

ಅಲ್ಲ. 2021ರಲ್ಲಿ ಜನರನ್ನು ಕಾಡಿದ್ದು ಮ್ಯೂಕೊರೇಲ್ಸ್ ಗುಂಪಿನ ಶಿಲೀಂಧ್ರ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಔಷಧ ಇವುಗಳಿಂದ ಸೋತ ಮೈಗೆ ಅದು ಅಂಟಿತು. ಅದು ಹಿಡಿದಲ್ಲಿ ಮೈಯ ಮಾಂಸ ಸತ್ತು ಕಪ್ಪಾಗುತ್ತದೆ, ಹೆಸರು ಬಂದದ್ದು ಹಾಗೆ. ಬಣ್ಣ ನೋಡಿ ಬೂಷ್ಟಿನ ಜಾತಿ ಹೇಳುವವನನ್ನು ನಂಬಬೇಡಿ. ಮನೆಯಲ್ಲಿ ಕೆಮ್ಮು, ಉಬ್ಬಸ ಇದ್ದರೆ ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಬೇಡ.

ಒಂದೇ ದಿನದಲ್ಲಿ ಹೊಗೆ ಬಿಟ್ಟು ಬೂಷ್ಟು ಕೊಲ್ಲುತ್ತೇವೆ, ಏಳು ಕೋಟ್ ವಾಟರ್‌ಪ್ರೂಫ್ ಬಳಿದು ಹತ್ತು ವರ್ಷ ಗ್ಯಾರಂಟಿ ಕೊಡುತ್ತೇವೆ ಅನ್ನುತ್ತಾರೆ. ಕೊಡಬಹುದೇ? (ಚಿತ್ರದುರ್ಗ)

ದುರ್ಗದವರು ಏಳು ಸುತ್ತು ಅಂದ ತಕ್ಷಣ ನಂಬಿಬಿಡುತ್ತೀರಿ! ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ, ಅದನ್ನು ಒರೆಸಿ ತೆಗೆಯಲೇಬೇಕು. ಹೊಗೆ ಬಿಟ್ಟರೆ ಅದು ಅಲ್ಲೇ ಇರುತ್ತದೆ. ಒದ್ದೆ ಗೋಡೆಯ ಮೇಲೆ ಏಳಲ್ಲ, ಎಪ್ಪತ್ತು ಕೋಟ್ ಬಳಿದರೂ ಹಪ್ಪಳದ ಹಾಗೆ ಏಳುತ್ತದೆ. ಗ್ಯಾರಂಟಿ ಕಾಗದದ ಹಿಂಬದಿಯ ಸಣ್ಣಕ್ಷರ ಓದಿ. "ತೇವದಿಂದ ಆದ ಹಾನಿಗೆ ಅನ್ವಯಿಸುವುದಿಲ್ಲ" ಅಂತ ನಾನೇ ಕಣ್ಣಾರೆ ಓದಿದ್ದೇನೆ.

ಚಿತ್ರದುರ್ಗದಲ್ಲಿ ನಮ್ಮದು ಹಳೆ ಕಲ್ಲಿನ ಮನೆ. 2022ರ ಮಳೆಯಿಂದ ಗೋಡೆಯ ಬುಡದಲ್ಲಿ ಬಿಳಿ ಬೂಷ್ಟು. ತೊಳೆದಷ್ಟೂ ಬರುತ್ತದೆ.

ತೊಳೆಯುವುದನ್ನು ನಿಲ್ಲಿಸಿ. ಸ್ವಲ್ಪ ಕೆರೆದು ನೀರಿಗೆ ಹಾಕಿ. ಕರಗಿದರೆ ಉಪ್ಪು, ಬೂಷ್ಟಲ್ಲ. ನಿಮ್ಮಲ್ಲಿ ಹತ್ತಕ್ಕೆ ಒಂಬತ್ತು ಸಲ ಉಪ್ಪೇ. ನೆಲದ ನೀರು ಗೋಡೆ ಹತ್ತಿ, ಆರಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ತೊಳೆದರೆ ಆ ಉಪ್ಪು ಮತ್ತೆ ಒಳಗೆ. ಬೂಷ್ಟನ್ನು ಒದ್ದೆ ಮಾಡಿ ತೆಗೆಯಬೇಕು, ಉಪ್ಪನ್ನು ಒಣಗಿದ್ದಾಗಲೇ ಬ್ರಷ್‌ನಿಂದ ಉಜ್ಜಿ ಹೊರಗೆ ಒಯ್ಯಬೇಕು. 2022ರಲ್ಲಿ ವಾಣಿ ವಿಲಾಸ ಸಾಗರವೇ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ನಿಮ್ಮ ಗೋಡೆ ನೆನೆದಿದ್ದರಲ್ಲಿ ಏನು ಆಶ್ಚರ್ಯ? ಹೊರಗೆ ಹೋಗಿ ನೋಡಿ. ರಸ್ತೆಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಹಾಕಿ ನಿಮ್ಮ ಮನೆಯ ನೆಲಕ್ಕಿಂತ ಎತ್ತರ ಮಾಡಿದ್ದಾರಾ? ಹಾಗಿದ್ದರೆ ಗೋಡೆ ಬುಡದಲ್ಲಿ ನೀರು ಹರಿದು ಹೋಗಲು ಮೊದಲು ಒಂದು ಕಾಲುವೆ ತೆಗೆಸಿ.

ಮೂಲೆಯಲ್ಲಿ ಬೇವಿನ ಸೊಪ್ಪು, ಕರ್ಪೂರ ಇಟ್ಟರೆ? (ಹೊನ್ನಾಳಿ)

ಕೋಣೆ ಘಮ್ ಅನ್ನುತ್ತದೆ. ಬೂಷ್ಟಿಗೂ.

ಈಶಾನ್ಯದ ಗೋಡೆಗೇ ಬೂಷ್ಟು. ವಾಸ್ತು ದೋಷವೇ? (ಹೊಸದುರ್ಗ)

ಆ ಗೋಡೆಯ ಆಚೆ ನೀರಿನ ಸಂಪ್ ಇರಬೇಕು, ಹೋಗಿ ನೋಡಿ. ವಾಸ್ತು ಹೇಳಿದವರೇ ಅಲ್ಲಿ ತೋಡಿಸಿರುತ್ತಾರೆ.

ಮೇ ತಿಂಗಳಲ್ಲಿ ರಜೆ ಇದೆ. ಹದಿನೈದು ದಿನದಲ್ಲಿ ಊರಿನ ಮನೆ ಪೂರ್ತಿ ಸರಿ ಮಾಡಿಸಿಕೊಡುತ್ತೀರಾ? (ದಾವಣಗೆರೆ)

ಇಲ್ಲ. ಮೇಯಲ್ಲಿ ಬಳಿದ ಗಾರೆ ಬಲಿತು ಗಟ್ಟಿಯಾಗುವ ಮೊದಲೇ ಅಲ್ಲಿ ಮಳೆ ಹಿಡಿಯುತ್ತದೆ. ಮನೆ ನೋಡಲು ಕರೆಯುವುದಾದರೆ ಆಷಾಢದಲ್ಲಿ ಕರೆಯಿರಿ, ನೀರು ಎಲ್ಲಿಂದ ಬರುತ್ತದೆ ಅಂತ ಆಗಲೇ ಕಾಣುವುದು. ದೀಪಾವಳಿ ಕಳೆದು ಗೋಡೆ ಕೆತ್ತಿಸಿ ಬಿಡಿ. ಗಾರೆಯ ಮಾತು ಅದರ ಮುಂದಿನ ಮಳೆಗಾಲ ಮುಗಿದ ಮೇಲೆ. ಅಲ್ಲಿಯವರೆಗೆ ಹೊರಗಿನ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸಿರಿ. ಪ್ಲಾಸ್ಟಿಕ್ ತಾಡಪಾಲು ಸುತ್ತಬೇಡಿ.