ಮೂರನೇ ಸಲವೂ ಕೈತಪ್ಪಿತು ಅಂದವರಿಗೆ

ಕಾರವಾರದಲ್ಲಿ ಸರ್ಕಾರಿ ಹುದ್ದೆಯ ಸಂದರ್ಶನದ ತನಕ ಹೋಗಿ ಮೂರನೇ ಸಲವೂ ಸಿಗಲಿಲ್ಲ, ಮುಂದೇನು ಅಂತ ಕೇಳಿದ್ದೀರಿ. ಎರಡು ದಿನ ಸುಮ್ನೆ ಇರಿ. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕೂತು ಬನ್ನಿ, ಫೋನ್ ಮನೆಯಲ್ಲೇ ಇರಲಿ.

ಆಮೇಲೆ ಎಲ್ಲಿ ಎಡವಿದಿರಿ ಅಂತ ತಿಳಿಯಬೇಕು. ಊಹೆ ಬೇಡ. ಸರ್ಕಾರಿ ನೇಮಕಾತಿ ಅಲ್ವಾ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ, ನಿಮಗೆ ಲಿಖಿತದಲ್ಲಿ ಎಷ್ಟು, ಸಂದರ್ಶನದಲ್ಲಿ ಎಷ್ಟು ಅಂಕ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ನಾನೂ ಶಿರಸಿಯಿಂದ ಹೀಗೇ ಅರ್ಜಿ ಹಾಕಿದ್ದೆ. ಮಾತಾಡಲು ಬರದೆ ಸೋತೆ ಅಂದುಕೊಂಡವನು ಲಿಖಿತದಲ್ಲೇ ಹಿಂದಿದ್ದೆ! ಒಂದು ವರ್ಷ ಕನ್ನಡಿ ಮುಂದೆ ಇಂಗ್ಲಿಷ್ ಮಾತಾಡಿದ್ದೇ ಬಂತು.

ಅಡಿಕೆ ಸುಲಿಯುವಾಗ ನೆಂಟರು ಕೆಲಸದ ವಿಷಯ ಕೇಳೇ ಕೇಳುತ್ತಾರೆ. "ಹುಡುಕುತ್ತಿದ್ದೇನೆ" ಅನ್ನಿ, ಸಾಕು. ಅಂಕ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡೋಣ.