ಹೀನಿಯವರ ಬಿರುಗಾಳಿಯಲ್ಲಿ ರಾಜಕೀಯ ಎಲ್ಲಿದೆ?

ಐರಿಶ್ ಕವಿ ಶೇಮಸ್ ಹೀನಿಯವರ 'ಸ್ಟಾರ್ಮ್ ಆನ್ ದಿ ಐಲೆಂಡ್' ಬರೀ ಬಿರುಗಾಳಿಯ ಕವಿತೆಯಾ, ಇಲ್ಲಾ ಉತ್ತರ ಐರ್ಲೆಂಡಿನ ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಜಗಳದ್ದಾ, ಪರೀಕ್ಷೆಯಲ್ಲಿ ಏನಂತ ಬರೆಯಲಿ ಅಂತ ಕೇಳಿದ್ದೀರಿ. ಎರಡೂ ಹೌದು. ಆದರೆ ಮೊದಲು ಗಾಳಿಯನ್ನು ಗಾಳಿಯಾಗಿಯೇ ಓದಿ, ರಾಜಕೀಯಕ್ಕೆ ಆಮೇಲೆ ಬನ್ನಿ.

ತುಂಬಾ ಜನ ಶೀರ್ಷಿಕೆಯಿಂದಲೇ ಶುರು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದರ ಮೊದಲ 8 ಅಕ್ಷರ (Storm on t) ಸೇರಿಸಿದರೆ 'ಸ್ಟಾರ್ಮಾಂಟ್' ಆಗುತ್ತದೆ. ಉತ್ತರ ಐರ್ಲೆಂಡಿನ ಸಂಸತ್ತು ಇದ್ದ ಜಾಗ ಅದು. ಒಳ್ಳೆಯ ಸುಳಿವೇ, ಆದರೆ ಇಡೀ ವಾದ ಅದರ ಮೇಲೆ ನಿಲ್ಲುವುದಿಲ್ಲ. ಇಸವಿಯನ್ನೂ ನೋಡಿ. ಕವಿತೆ 1966ರ ಸಂಕಲನದಲ್ಲಿದೆ, ಬ್ರಿಟಿಷ್ ಸೈನ್ಯ ಅಲ್ಲಿ ಬೀದಿಗಿಳಿದದ್ದು 1969ರಲ್ಲಿ. ಹಾಗಾಗಿ ಮುಂದಿನ ಹಿಂಸೆಯನ್ನು ಕಂಡು ಬರೆದ ಕವಿತೆ ಅಂದರೆ ತಪ್ಪಾಗುತ್ತದೆ. ಮನೆ, ಕೆಲಸ, ಮತದಾನದಲ್ಲಿ ಕ್ಯಾಥೊಲಿಕರಿಗೆ ಆಗುತ್ತಿದ್ದ ಅನ್ಯಾಯ ಮಾತ್ರ ಆಗಲೇ ಕುದಿಯುತ್ತಿತ್ತು. ಹೀನಿ ಹುಟ್ಟಿದ್ದೂ ಒಂದು ಕ್ಯಾಥೊಲಿಕ್ ರೈತ ಮನೆಯಲ್ಲೇ.

ಪುರಾವೆ ಬೇಕಾದರೆ ಕೊನೆಯ ಸಾಲುಗಳಿಗೆ ಹೋಗಿ. ಅಲ್ಲಿ ಗಾಳಿ ಯುದ್ಧವಿಮಾನದ ಹಾಗೆ ಎರಗಿ ಕಾಣದಂತೆ ಗುಂಡು ಸುರಿಸುತ್ತದೆ, ಖಾಲಿ ಗಾಳಿಯೇ ಬಾಂಬ್ ಆಗುತ್ತದೆ. ಇಷ್ಟೊಂದು ಯುದ್ಧದ ಮಾತು ಸುಮ್ನೆ ಬರುವುದಿಲ್ಲ, ಅಲ್ವಾ?

ಅದಕ್ಕಿಂತ ನನ್ನನ್ನು ಹಿಡಿದಿಡುವುದು ಕವಿತೆಯ 'ನಾವು', ಅಂದರೆ ಮಾತಾಡುವ ದ್ವೀಪದ ಜನ. ನಾವು ತಯಾರಾಗಿದ್ದೇವೆ ಅಂತಲೇ ಶುರು. ಗಿಡ್ಡ ಮನೆ, ಬಂಡೆಗೆ ಇಳಿಸಿದ ಗೋಡೆ, ಗಟ್ಟಿ ಛಾವಣಿ, ಎಲ್ಲ ಹೇಳಿಕೊಳ್ಳುತ್ತಾರೆ. 19 ಸಾಲು ಮುಗಿಯುವಷ್ಟರಲ್ಲಿ ಅದೇ ಜನ ಒಳಗೆ ಅಲ್ಲಾಡದೆ ಕೂತಿದ್ದಾರೆ, ಹೆದರಿಕೆ ಒಪ್ಪಿಕೊಂಡಿದ್ದಾರೆ, ಅದೂ ಕೈಗೆ ಸಿಗದ, ಏನೂ ಅಲ್ಲದ ಒಂದಕ್ಕೆ. ಈ ಎರಡರ ನಡುವೆ ಸಮುದ್ರ ಬರುತ್ತದೆ. ದೂರದಲ್ಲಿ ಬಂಡೆಗೆ ಬಡಿಯುತ್ತಾ ಜೊತೆಗಿದೆ ಅಂದುಕೊಂಡಿದ್ದ ಅದೇ ಸಮುದ್ರ, ಸಾಕಿದ ಬೆಕ್ಕು ತಿರುಗಿಬಿದ್ದ ಹಾಗೆ ಕಿಟಕಿಗೆ ಉಗುಳುತ್ತದೆ. ಪರಿಚಯದ್ದೇ ಶತ್ರುವಾಗುವುದು! ಒಂದೇ ಊರಲ್ಲಿ ಅಕ್ಕಪಕ್ಕ ಬದುಕುತ್ತಾ ಒಬ್ಬರನ್ನೊಬ್ಬರು ನಂಬಲಾರದೆ ಇದ್ದ ಸಮಾಜದ ಭಯ ನನಗೆ ಇಲ್ಲಿ ಕಾಣುತ್ತದೆ, ಶೀರ್ಷಿಕೆಯಲ್ಲಿ ಅಷ್ಟಾಗಿ ಅಲ್ಲ.

ದಯವಿಟ್ಟು 'ಗಾಳಿ ಅಂದರೆ ಸರ್ಕಾರ, ಮನೆ ಅಂದರೆ ಜನ' ಅಂತ ಹೊಂದಿಸಿ ಬರೆಯಬೇಡಿ. ಗಾಳಿಗೆ ಒಂದು ಹೆಸರು ಅಂಟಿಸಿಬಿಟ್ಟರೆ, ಹೆದರಿಕೆಗೆ ಮುಖವೇ ಇಲ್ಲ ಅನ್ನುವ ಕೊನೆಯ ಸಾಲಿಗೆ ಅರ್ಥ ಉಳಿಯುವುದಿಲ್ಲ. ಸಮುದ್ರದ ಸಾಲುಗಳಿಗೆ ಒಂದು ಪೂರ್ತಿ ಪ್ಯಾರಾ ಕೊಡಿ, ಸ್ಟಾರ್ಮಾಂಟ್ ವಿಷಯಕ್ಕೆ ಒಂದು ವಾಕ್ಯ ಸಾಕು.