ಕಕ್ಕಡ ತಿಂಗಳ ಮಳೆಯಲ್ಲಿ ಗೋಸುಂಬೆಗೆ ಬಿಸಿಲು

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಎಂಟು ತಿಂಗಳ ವೇಲ್ಡ್ ಕೆಮೀಲಿಯನ್ ಜಾತಿಯ ಗೋಸುಂಬೆ ಇದೆ. ಹಗಲು ಬೆಳಕು ಬೀಳಲೆಂದು ಅದರ ಗೂಡನ್ನು ಗಾಜಿನ ಹೆಂಚಿನ ಕೆಳಗೆ ಇಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಬಿಸಿಲು ಸಾಲದೆಂದು 60 ವ್ಯಾಟಿನ ಬಲ್ಬ್ ತೆಗೆದು 100 ವ್ಯಾಟಿನದನ್ನು ಹಾಕಿದೆವು. ರಾತ್ರಿ ಚಳಿಗೆ ಕೆಂಪು ಬಲ್ಬ್ ಉರಿಸುತ್ತೇವೆ. ಹಳೆಯ ಗೂಡಿನ ಜೊತೆಗೇ ಬಂದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬ್ ಎರಡು ವರ್ಷದ್ದಾದರೂ ಈಗಲೂ ಚೆನ್ನಾಗಿ ಉರಿಯುತ್ತಿದೆ. ಎರಡು ವಾರದಿಂದ ಅದರ ಮುಂಗಾಲು ಬಾಗಿದಂತೆ ಕಾಣುತ್ತಿದ್ದು, ಕೊಂಬೆಯ ಹಿಡಿತ ತಪ್ಪುತ್ತಿದೆ. ಶಾಖ ಇನ್ನೂ ಹೆಚ್ಚಿಸಬೇಕೆ?
– ಓದುಗರು, ಮಡಿಕೇರಿ

ಉತ್ತರ: ಹೆಚ್ಚಿಸಬೇಡಿ. ಬಾಗಿದ ಮುಂಗಾಲು ಮತ್ತು ಸಡಿಲವಾದ ಹಿಡಿತ ಎರಡೂ ಸುಣ್ಣದಂಶದ ಕೊರತೆಯಿಂದ ಮೂಳೆ ಮೆದುವಾಗುತ್ತಿರುವುದರ ಲಕ್ಷಣಗಳು. ಮೊದಲು ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಗೂಡಿನ ದೀಪಗಳನ್ನು ಸರಿಪಡಿಸುವ ಕೆಲಸ ಅದರ ಜೊತೆಯಲ್ಲೇ ನಡೆಯಲಿ.

ನಿಮ್ಮ ಪತ್ರದಲ್ಲಿ ಶಾಖ ಮತ್ತು ಯುವಿಬಿ ಬೆರೆತುಹೋಗಿವೆ. ಬಲ್ಬಿನ ಶಾಖ ಮೈ ಬೆಚ್ಚಗಿಟ್ಟು ಜೀರ್ಣಕ್ರಿಯೆಗೆ ನೆರವಾಗುತ್ತದೆ, ಆದರೆ ಮೂಳೆಗೆ ಬೇಕಾದ ವಿಟಮಿನ್ ಡಿ3 ಅನ್ನು ತಾನಾಗಿ ತಯಾರಿಸಿಕೊಡುವುದಿಲ್ಲ. ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿಬಿ ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿ ಡಿ3ಯ ಪೂರ್ವರೂಪ ಉಂಟಾಗುತ್ತದೆ. ಅದು ಡಿ3 ಆಗಿ ಬದಲಾಗಲು ಮೈಯ ಬಿಸಿ ಬೇಕು. ಡಿ3 ಇದ್ದರೆ ಮಾತ್ರ ತಿಂದ ಹುಳುವಿನಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಎರಡು ದೀಪಗಳೂ ಒಂದೇ ಕೊಂಬೆಯ ಮೇಲೆ ಅಕ್ಕಪಕ್ಕದಲ್ಲಿ ಬೀಳಬೇಕು.

ನಿಮ್ಮ ಗಾಜಿನ ಹೆಂಚು ಬೆಳಕನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಕಿಟಕಿಯ ಗಾಜೂ ಹಾಗೆಯೇ. ಹಳೆಯ ಬಲ್ಬಿನ ಮೋಸ ಇದಕ್ಕಿಂತ ಸೂಕ್ಷ್ಮವಾದದ್ದು: ಕಣ್ಣಿಗೆ ಕಾಣುವ ಬೆಳಕು ಕುಂದುವ ಬಹಳ ಮೊದಲೇ ಅದರ ಯುವಿಬಿ ಕುಂದಿರುತ್ತದೆ, ಮತ್ತು ಯುವಿಬಿ ನಮ್ಮ ಕಣ್ಣಿಗೆ ಕಾಣದು. ಎರಡು ವರ್ಷದ ಬಲ್ಬ್ ‘ಚೆನ್ನಾಗಿ ಉರಿಯುತ್ತಿದೆ’ ಎಂಬುದಕ್ಕೆ ನಿಮ್ಮ ಪ್ರಾಣಿಯ ಮಟ್ಟಿಗೆ ಏನೂ ಅರ್ಥವಿಲ್ಲ. ಸುರುಳಿ ಬಲ್ಬಿನ ಬದಲು ಟಿ5 ಹೈ ಔಟ್‌ಪುಟ್ ಮಾದರಿಯ, 5 ಅಥವಾ 6 ಶೇಕಡಾ ಯುವಿಬಿ ಎಂದು ನಮೂದಿಸಿದ ಎರಡು ಅಡಿಯ ಟ್ಯೂಬ್ ಹಾಕಿ, ಹಾಕಿದ ತಾರೀಕನ್ನು ಅದರ ತುದಿಯಲ್ಲೇ ಬರೆದಿಟ್ಟು, ವರ್ಷಕ್ಕೊಮ್ಮೆ ಬದಲಿಸಿ. ಟ್ಯೂಬನ್ನು ಜಾಲರಿಯ ಮೇಲೆ ಇಟ್ಟರೆ ಜಾಲರಿಯೇ ಕಿರಣಗಳ ಒಂದು ಪಾಲನ್ನು ತಡೆಯುವುದರಿಂದ, ಗೋಸುಂಬೆ ಕುಳಿತಾಗ ಅದರ ಬೆನ್ನು ಟ್ಯೂಬಿನಿಂದ 20-25 ಸೆಂಟಿಮೀಟರ್ ಕೆಳಗೆ ಬರುವಂತೆ ಕೊಂಬೆ ಕಟ್ಟಬೇಕು. ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸಿನಲ್ಲಿರಬೇಕು. ಅಳೆಯುವ ಮೀಟರ್ ದುಬಾರಿ, ಯಾರಿಂದಲಾದರೂ ಒಂದು ದಿನಕ್ಕೆ ಎರವಲು ಸಿಕ್ಕರೆ ಸಾಕು.

ಇನ್ನು ಶಾಖ. ಬಿಸಿಲು ಕಾಯುವ ಕೊಂಬೆಯಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಹೆಣ್ಣಾದರೆ ಒಂದೆರಡು ಡಿಗ್ರಿ ಕಡಿಮೆ, ಗೂಡಿನ ಉಳಿದ ಭಾಗದಲ್ಲಿ 22ರಿಂದ 25 ಇದ್ದರೆ ಸರಿ. ಬೇಕಾದಾಗ ತಂಪಿನ ಕಡೆಗೆ ಸರಿಯಲು ಅದಕ್ಕೆ ಜಾಗವಿರಲೇಬೇಕು. 100 ವ್ಯಾಟಿನ ಬಲ್ಬ್ ಹತ್ತಿರವಿದ್ದರೆ ಈ ಜಾತಿಯ ತಲೆಯ ಮೇಲೆ ಎದ್ದು ನಿಂತ ಕಿರೀಟವೇ ಮೊದಲು ಸುಡುತ್ತದೆ. ತುದಿ ಬಿಳಿಚಿಕೊಂಡು ಆಮೇಲೆ ಕಪ್ಪಾಗುತ್ತದೆ. ಅಳತೆಗೆ ವೈರಿನ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ತಂದು, ಕೊಂಬೆಯ ಮೇಲೆ ಬೆನ್ನು ಬರುವ ಎತ್ತರಕ್ಕೆ ಕಟ್ಟಿ, ಒಂದು ಗಂಟೆ ಬಿಟ್ಟು ನೋಡಿ. ಗೂಡಿನ ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನು ನಾನು ನಂಬುವುದಿಲ್ಲ. ಹೋಲ್ಡರ್ ಪಿಂಗಾಣಿಯದ್ದಾಗಿರಲಿ, ಪ್ಲಾಸ್ಟಿಕ್ಕಿನದು ದಿನವಿಡೀ ಉರಿಯುವ ಬಲ್ಬಿನ ಬಿಸಿಗೆ ಕರಗುತ್ತದೆ.

ರಾತ್ರಿಯ ಕೆಂಪು ಬಲ್ಬನ್ನು ಇಂದೇ ತೆಗೆಯಿರಿ. ಆ ಬೆಳಕು ಅದಕ್ಕೆ ಕಾಣುತ್ತದೆ, ನಿದ್ದೆ ಕೆಡುತ್ತದೆ. ಯೆಮನ್ ಮತ್ತು ಸೌದಿ ಅರೇಬಿಯಾದ ಬೆಟ್ಟಸೀಮೆಯಿಂದ ಬಂದ ಈ ಪ್ರಾಣಿಗೆ ಇರುಳ ತಂಪು ಒಗ್ಗಿದ್ದೇ. 16-20 ಡಿಗ್ರಿ ಅದಕ್ಕೆ ಹಿತ. ಡಿಸೆಂಬರ್-ಜನವರಿಯಲ್ಲಿ ಕೋಣೆಯೊಳಗೇ 14ಕ್ಕಿಂತ ಕೆಳಗಿಳಿದರೆ, ಬೆಳಕಿಲ್ಲದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್ ಜೊತೆಗೆ ಬಳಸಬಹುದು. ಹಗಲಿನ ದೀಪಗಳಿಗೆ ಟೈಮರ್ ಹಾಕಿ: ಟ್ಯೂಬಿಗೆ ಹನ್ನೆರಡು ಗಂಟೆ.

ಕೊಂಬೆಗೆ ಕಾಫಿ ಗಿಡ ಸವರಿದಾಗ ಸಿಗುವ ಕಸಿ ಕಡ್ಡಿಯನ್ನೇ ಬಳಸುವವರು ನಮ್ಮಲ್ಲಿ ಬಹಳ. ಒಳ್ಳೆಯ ಕೊಂಬೆಯೇ, ಆದರೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆದ ಗಿಡದ್ದು ಬೇಡ; ದೀಪದ ಕೆಳಗೆ ನೀರು ಚಿಮುಕಿಸಿದಾಗ ಅದೇ ತುತ್ತದ ಹನಿಯನ್ನು ಗೋಸುಂಬೆ ನೆಕ್ಕುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಆಗ ಗೋಸುಂಬೆಗೆ ಕೆಂಡದ ಶಾಖ ಕೊಡಬಹುದೆ?
– ಓದುಗರು, ಭಾಗಮಂಡಲ

ಉತ್ತರ: ಖಂಡಿತ ಬೇಡ. ಹೊಗೆ ಅದರ ಶ್ವಾಸಕೋಶಕ್ಕೆ ವಿಷ, ತೇವ ತುಂಬಿದ ಕೋಣೆಯಲ್ಲಿ ಇನ್ನೂ ಕೆಟ್ಟದ್ದು. ಎರಡು ಅಡಿಯ ಟಿ5 ಟ್ಯೂಬಿಗೆ 24 ವ್ಯಾಟ್, ಬಲ್ಬಿಗೆ 50-60 ವ್ಯಾಟ್. ಮನೆಯ ಇನ್ವರ್ಟರಿನಲ್ಲಿ ಮಧ್ಯಾಹ್ನ ಮೂರು ಗಂಟೆ ಇವೆರಡನ್ನೂ ಉರಿಸಿದರೆ ಸಾಕು. ಅದೂ ಇಲ್ಲದಿದ್ದರೆ ಹುಳು ಕೊಡುವುದನ್ನು ನಿಲ್ಲಿಸಿ, ಏಕೆಂದರೆ ಮೈ ತಣ್ಣಗಿರುವಾಗ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯಬಹುದು. ಆರೋಗ್ಯವಾಗಿರುವ ದೊಡ್ಡ ಪ್ರಾಣಿ ಎರಡು ಮೂರು ದಿನ ಹೀಗೆ ತಡೆಯುತ್ತದೆ. ನಡುವೆ ಹೊಳವಾಗಿ ಬಿಸಿಲು ಬಿದ್ದರೆ ಜಾಲರಿಯ ಗೂಡನ್ನೇ ಅಂಗಳಕ್ಕೆ ತಂದು, ಅರ್ಧಭಾಗಕ್ಕೆ ಸೊಪ್ಪಿನ ನೆರಳು ಮಾಡಿ, ಇಪ್ಪತ್ತು ನಿಮಿಷ ಬಿಡಿ. ಪಕ್ಕದಲ್ಲೇ ಯಾರಾದರೂ ಕುಳಿತಿರಲಿ, ಕಾಗೆಯೂ ಬೆಕ್ಕೂ ಆ ಹೊತ್ತಿಗೇ ಕಾದಿರುತ್ತವೆ. ಗಾಜಿನ ತೊಟ್ಟಿಯಲ್ಲಿಟ್ಟು ಮಾತ್ರ ಬಿಸಿಲಿಗೆ ತರಬೇಡಿ. ಕೆಲವೇ ನಿಮಿಷಗಳಲ್ಲಿ ಒಳಗೆ ಬೆಂದುಹೋಗುತ್ತದೆ.